ಮಹಾಮಾರಿಯ ಕಾಲದಲ್ಲಿ ಮನಸ್ಸಿನ ರಕ್ಷಣೆ: ಯಾದಗಿರಿ ಸೀಮೆಯ ಪಾಠ

(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ರೋಗಭಯವು ಮಲೆನಾಡಿಗೆ ಹೊಸತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಂದಿನಿಂದ ಉಣುಗಿನ ಭಯ ಇಲ್ಲಿನ ಬದುಕಿಗೆ ಅಂಟಿಕೊಂಡಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಅದನ್ನು ಮತ್ತೊಮ್ಮೆ ಕಂಡಿತು. ಆದರೆ ಇಂದಿನ ವಿಷಯ ಬಯಲುಸೀಮೆಯದು. ಕೊರೊನಾ ಕಾಲದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಜನ ಅನುಭವಿಸಿದ್ದನ್ನು ಗುಡ್ಡಗಾಡಿನವರು ಅರಿಯಬೇಕಾದ ಕಾರಣವಿದೆ. ಮಲೆನಾಡಿನ ಮಕ್ಕಳೂ ಇಂದು ನಗರಗಳಲ್ಲಿ ದುಡಿಯುತ್ತಿದ್ದಾರೆ. ಮತ್ತೊಂದು ಮಹಾಮಾರಿ ಬಂದರೆ ಅವರೂ ಮನೆಯ ದಾರಿ ಹಿಡಿಯುವರು.

ಯಾದಗಿರಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. ಕೃಷ್ಣೆ, ಭೀಮೆ ಎರಡೂ ಹರಿಯುವ ನಾಡದು. ನಾರಾಯಣಪುರ ಜಲಾಶಯದ ಕಾಲುವೆ ಸುರಪುರ, ಶಹಾಪುರಗಳ ಹೊಲಗಳಿಗೆ ನೀರುಣಿಸಿದೆ. ಆದರೂ ನೀರು ತಲುಪದ ಹೊಲದವರು, ಹೊಲವೇ ಇಲ್ಲದವರು ಬೆಂಗಳೂರು, ಮುಂಬಯಿ, ಪುಣೆಗಳಿಗೆ ಕಟ್ಟಡ ಕೆಲಸಕ್ಕೆ ಹೋಗುವುದು ತಪ್ಪಿಲ್ಲ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ನೆರೆಯ ಕಲಬುರಗಿಯಲ್ಲಿ ದಾಖಲಾಯಿತು. ಮಾರ್ಚ್ 25ರಿಂದ ದೇಶವೇ ಸ್ತಬ್ಧವಾಯಿತು. ಕೂಲಿ ನಿಂತಿತು; ದುಡಿಯಲು ಹೋದವರು ಮರಳತೊಡಗಿದರು. ಶಾಲೆಗಳೂ ವಸತಿ ನಿಲಯಗಳೂ ಕ್ವಾರಂಟೈನ್ ಕೇಂದ್ರಗಳಾದವು. ಮೇ, ಜೂನ್ ತಿಂಗಳುಗಳಲ್ಲಿ ಜಿಲ್ಲೆಯಲ್ಲಿ ಪತ್ತೆಯಾದ ಸೋಂಕಿತರಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಬಂದವರೇ ಆಗಿದ್ದರು.

ಇಲ್ಲಿಯೇ ಎರಡನೆಯ ರೋಗ ಹುಟ್ಟಿದ್ದು. ‘ಮುಂಬಯಿಯಿಂದ ಬಂದವರು’ ಎಂಬುದು ನಾಡಿನ ಅನೇಕ ಊರುಗಳಲ್ಲಿ ಹಣೆಪಟ್ಟಿಯಾಯಿತು. ವೈರಾಣು ಹದಿನಾಲ್ಕು ದಿನಗಳಲ್ಲಿ ದೇಹವನ್ನು ಬಿಟ್ಟರೂ ಹಣೆಪಟ್ಟಿ ಬಿಡಲಿಲ್ಲ. ಕೈಯಲ್ಲಿ ಕೆಲಸವಿಲ್ಲ, ತಲೆಯ ಮೇಲೆ ಸಾಲ, ಊರಿನ ಕಣ್ಣಿನಲ್ಲಿ ಅನುಮಾನ. ಅದೇ ವರ್ಷ ಅಕ್ಟೋಬರ್‌ನಲ್ಲಿ ಭೀಮೆಯ ಪ್ರವಾಹ ದಂಡೆಯ ಊರುಗಳ ಬೆಳೆಯನ್ನೂ ಕಸಿಯಿತು. ಹೀಗೆ ಒಂದರ ಮೇಲೊಂದು ಪೆಟ್ಟು ಬಿದ್ದಾಗ ಮನಸ್ಸು ಕುಗ್ಗುವುದು ದೌರ್ಬಲ್ಯವಲ್ಲ. ಮಹಾಮಾರಿಯ ಮೊದಲ ವರ್ಷದಲ್ಲಿ ಜಗತ್ತಿನಾದ್ಯಂತ ಆತಂಕ ಮತ್ತು ಖಿನ್ನತೆ ಶೇಕಡ 25ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ಒಂಟಿತನ, ಆಪ್ತರ ಸಾವು, ಹಣದ ಚಿಂತೆಗಳೇ ಅದು ಗುರುತಿಸಿದ ಕಾರಣಗಳಲ್ಲಿ ಮುಖ್ಯವಾದವು.

ಆದ್ದರಿಂದ ‘ಧೈರ್ಯವಾಗಿರಿ’ ಎಂಬ ಬರಿಯ ಉಪದೇಶ ಸಾಲದು. ಮನಸ್ಸನ್ನು ಕಾಯುವ ಮೊದಲ ಔಷಧ ಊರಿನ ನಡವಳಿಕೆಯಲ್ಲಿದೆ. ಸೋಂಕು ತಡೆಯಲು ದೇಹಗಳ ನಡುವೆ ಅಂತರ ಬೇಕು. ಮಾತಿಗೆ ಅಂತರ ಬೇಕಿಲ್ಲ. ಪ್ರತ್ಯೇಕವಾಗಿರುವವನ ಬಾಗಿಲ ಬಳಿ ಊಟವಿಟ್ಟು, ದೂರ ನಿಂತು ಹೆಸರು ಹಿಡಿದು ಮಾತನಾಡಿಸುವುದು ಯಾವ ನಿಯಮಕ್ಕೂ ವಿರುದ್ಧವಲ್ಲ.

ಎರಡನೆಯದು ಕೆಲಸ. ಆಗ ಜಾರಿಯಲ್ಲಿದ್ದ ಉದ್ಯೋಗ ಖಾತ್ರಿ ಯೋಜನೆಯಲ್ಲಿ 2020ರಲ್ಲಿ ರಾಜ್ಯದ ದಿನಗೂಲಿ 275 ರೂಪಾಯಿ. ಕೆರೆಯ ಹೂಳೆತ್ತುವ, ಬದು ಹಾಕುವ ಇಂಥ ಕೆಲಸ ಹಸಿವಿಗೆ ಮಾತ್ರ ಉತ್ತರವಲ್ಲ. ಬಿಸಿಲು, ದೇಹಶ್ರಮ, ಜೊತೆಗಾರರು, ದಿನದ ಕ್ರಮ ಇವೆಲ್ಲ ನಿದ್ರೆಯನ್ನೂ ಆತ್ಮಗೌರವವನ್ನೂ ಮರಳಿಸುತ್ತವೆ. ಮಕ್ಕಳಿಗೂ ದಿನಕ್ಕೊಂದು ಕ್ರಮ ಬೇಕು. ಶಾಲೆ ಮುಚ್ಚಿದ್ದಾಗ, 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಡಿ ಶಿಕ್ಷಕರು ಊರೂರಿಗೆ ಹೋಗಿ ಮರದಡಿಯಲ್ಲಿ, ಗುಡಿಯ ಅಂಗಳದಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತಾದರೂ ಮಕ್ಕಳಿಗೆ ಪಾಠದಷ್ಟೇ ಗೆಳೆಯರ ಮುಖವೂ ಅಗತ್ಯವೆಂದು ತೋರಿಸಿಕೊಟ್ಟಿತು.

ಮೂರನೆಯದು ಸುದ್ದಿಯ ಮಿತಿ. ಇಡೀ ದಿನ ಸಾವಿನ ಲೆಕ್ಕ ಕೇಳುವ ಮನಸ್ಸು ಅಪಾಯ ಎದುರಿಗಿಲ್ಲದಾಗಲೂ ಎದೆ ಬಡಿಸುತ್ತಲೇ ಇರುತ್ತದೆ. ದಿನಕ್ಕೆ ಒಂದೆರಡು ಬಾರಿ, ನಂಬಬಹುದಾದ ಮೂಲದಿಂದ ಕೇಳಿದರೆ ಸಾಕು.

ಕೆಲವು ಲಕ್ಷಣಗಳನ್ನು ಮಾತ್ರ ಅಲಕ್ಷಿಸಬಾರದು. ಎರಡು ವಾರ ಮೀರಿದ ನಿದ್ರಾಹೀನತೆ, ಊಟ ಬೇಡವೆನಿಸುವುದು, ಯಾರೊಡನೆಯೂ ಬೆರೆಯದಿರುವುದು, ಬದುಕು ಸಾಕೆನ್ನುವ ಮಾತು ಕಂಡರೆ ವೈದ್ಯರ ನೆರವು ಬೇಕು. ಬದುಕು ಸಾಕೆನ್ನುವ ಮಾತು ಕೇಳಿದರೆ ಎರಡು ವಾರ ಕಾಯದೆ ಅಂದೇ ನೆರವು ಪಡೆಯಬೇಕು. ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು, ಕೀಟನಾಶಕದ ಡಬ್ಬಿಯನ್ನು ಮನೆಯಿಂದ ದೂರವಿಡಬೇಕು. 2020ರಲ್ಲಿ ಮದ್ಯದಂಗಡಿಗಳು ಮುಚ್ಚಿದಾಗ ವೈದ್ಯರು ಮತ್ತೊಂದು ಎಚ್ಚರಿಕೆ ನೀಡಿದ್ದರು: ಬಹುಕಾಲ ಕುಡಿದವನು ಥಟ್ಟನೆ ನಿಲ್ಲಿಸಿದರೆ ನಡುಕ, ಭ್ರಮೆ, ಮೂರ್ಛೆ ಬರಬಹುದು, ಅದು ಆಸ್ಪತ್ರೆಯಲ್ಲಿ ನೋಡಬೇಕಾದ ಕಾಯಿಲೆ. 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿ ಮಾತನಾಡಬಹುದು.

ಆರೈಕೆ ಮಾಡುವವರ ಮನಸ್ಸನ್ನೂ ನೆನೆಯಬೇಕು. ಮನೆಮನೆಗೆ ನಡೆದ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ 12,000 ರೂಪಾಯಿ ಮಾಸಿಕ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಕೇಳಿ ರಾಜ್ಯಾದ್ಯಂತ ಮುಷ್ಕರ ಹೂಡಬೇಕಾಯಿತು.

ಮುಂದಿನ ರೋಗ ಬರುವ ಮೊದಲೇ ಪ್ರತಿ ಗ್ರಾಮಸಭೆಯೂ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿಡಲಿ. ಮರಳಿ ಬಂದವರು ಎಲ್ಲಿ ಉಳಿಯುವರು? ಅವರಿಗೆ ಊಟ ಒಯ್ಯುವವರು ಯಾರು? ಸಂಜೆ ಹೋಗಿ ಅವರನ್ನು ಮಾತನಾಡಿಸುವವರು ಯಾರು? ಮೂರನೆಯ ಪ್ರಶ್ನೆಗೆ ಹಣ ಬೇಕಿಲ್ಲ. ಹೊಣೆ ಹೊರುವವರ ಹೆಸರು ಬೇಕು. ವಿದ್ಯಾರ್ಥಿಗಳು ಆ ಪಟ್ಟಿಯನ್ನು ಇಂದೇ ಆರಂಭಿಸಬಹುದು.