ಸುಡದೆ ಉಳಿದ ಕಾಗದಗಳು



ಗ್ರಂಥಾಲಯ ಎಂದರೇನು ಎಂದು ನಿಮಗೆ ಹೇಳಬೇಕಾಗಿಲ್ಲ. ಪತ್ರಾಗಾರ ಎಂಬ ಮಾತು ಮಾತ್ರ ನಿಮ್ಮಲ್ಲಿ ಕೆಲವರಿಗೆ ಹೊಸದಿರಬಹುದು. ಗ್ರಂಥಾಲಯದಲ್ಲಿ ಇರುವುದು ಅಚ್ಚಾದ ಪುಸ್ತಕ. ಒಂದು ಪ್ರತಿ ಕಳೆದುಹೋದರೆ ಬೇರೆ ಊರಿನಲ್ಲಿ ಇನ್ನೊಂದು ಪ್ರತಿ ಸಿಗುತ್ತದೆ. ಪತ್ರಾಗಾರದಲ್ಲಿ ಇರುವುದು ಹೆಚ್ಚಾಗಿ ಅಚ್ಚಾಗದ ಕಾಗದ: ಕೈಬರಹದ ಪತ್ರಗಳು, ದಿನಚರಿ, ಲೆಕ್ಕದ ಪುಸ್ತಕ, ಟಿಪ್ಪಣಿಗಳು, ಫೋಟೋಗಳು. ಇವುಗಳಿಗೆ ಸಾಮಾನ್ಯವಾಗಿ ಎರಡನೆಯ ಪ್ರತಿ ಇರುವುದಿಲ್ಲ. ಒಮ್ಮೆ ಹೋದರೆ ಹೋದ ಹಾಗೆಯೇ.

ಇಂಗ್ಲೆಂಡಿನ ಹಳೆಯ ಕಾಲೇಜುಗಳು ಇಂಥ ಕಾಗದಗಳನ್ನು ಕೂಡಿಡುತ್ತವೆ. ಕಾಲೇಜಿನಲ್ಲಿ ಓದಿದವರು ಅಥವಾ ಕಲಿಸಿದವರು ತೀರಿಕೊಂಡ ಮೇಲೆ ಅವರ ಮನೆಯವರು ಅಥವಾ ಸ್ನೇಹಿತರು ಪೆಟ್ಟಿಗೆಗಳಲ್ಲಿ ತುಂಬಿ ತಂದು ಒಪ್ಪಿಸುತ್ತಾರೆ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹಾಗೆ ಬಂದ ಒಂದು ಪೆಟ್ಟಿಗೆಯ ಕಥೆಯನ್ನು ಇಂದು ಹೇಳುತ್ತೇನೆ. ಪೆಟ್ಟಿಗೆ ಇಂಗ್ಲೆಂಡಿನದು, ಅದರೊಳಗಿದ್ದ ಅಕ್ಷರಗಳು ನಮ್ಮ ನೆರೆಯ ತಮಿಳುನಾಡಿನ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರವು.

ರಾಮಾನುಜನ್ 1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಹುಟ್ಟಿ ಕುಂಭಕೋಣದಲ್ಲಿ ಬೆಳೆದವರು. ಕಾಗದ ಕೊಳ್ಳಲು ಹಣ ಸಾಲದ ಬಡತನ. ಆದ್ದರಿಂದ ಲೆಕ್ಕವನ್ನು ಸ್ಲೇಟಿನ ಮೇಲೆ ಮಾಡಿ, ಒರೆಸಿ, ಕೊನೆಗೆ ಬಂದ ಫಲಿತಾಂಶವನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. 1913ರ ಜನವರಿಯಲ್ಲಿ ಅವರು ಕೇಂಬ್ರಿಜ್‌ನ ಗಣಿತಜ್ಞ ಜಿ. ಎಚ್. ಹಾರ್ಡಿಯವರಿಗೆ ಬರೆದ ಪತ್ರದ ವಿಷಯ ನೀವು ಓದಿರುತ್ತೀರಿ. 1914ರಲ್ಲಿ ಅಲ್ಲಿಗೆ ಹೋದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಕೂಡ ಆದರು. ಆದರೆ ಆರೋಗ್ಯ ಕೆಟ್ಟಿತು. 1919ರಲ್ಲಿ ಊರಿಗೆ ಮರಳಿದರು. 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 32 ವರ್ಷ. ಅವರ ಪತ್ನಿ ಜಾನಕಿ ಅಮ್ಮಾಳ್ ಅವರಿಗೆ 21.

ಆ ಕೊನೆಯ ಒಂದು ವರ್ಷವನ್ನು ಗಮನಿಸಿ. ಹಾಸಿಗೆ ಹಿಡಿದಿದ್ದರೂ ರಾಮಾನುಜನ್ ಕೆಲಸ ಬಿಟ್ಟಿರಲಿಲ್ಲ. ಸಾಯುವುದಕ್ಕೆ ಕೆಲವೇ ದಿನ ಮುಂಚಿನವರೆಗೂ ಅವರು ಲೆಕ್ಕ ಬರೆಯುತ್ತಲೇ ಇದ್ದರೆಂದು ಜಾನಕಿ ಅಮ್ಮಾಳ್ ಮುಂದೆ ನೆನಪಿಸಿಕೊಂಡಿದ್ದಾರೆ. 1920ರ ಜನವರಿಯಲ್ಲಿ ಹಾರ್ಡಿಯವರಿಗೆ ಬರೆದ ಕೊನೆಯ ಪತ್ರದಲ್ಲಿ, ತಾವು ಹೊಸದೊಂದು ಬಗೆಯ ಫಲನಗಳನ್ನು ಕಂಡುಕೊಂಡಿರುವುದಾಗಿ ರಾಮಾನುಜನ್ ತಿಳಿಸಿದ್ದರು. ಅವುಗಳಿಗೆ 'ಮಾಕ್ ತೀಟಾ ಫಲನಗಳು' ಎಂದು ಹೆಸರಿಟ್ಟಿದ್ದರು. ಪತ್ರದಲ್ಲಿ ಕೆಲವು ಉದಾಹರಣೆಗಳಿದ್ದವು. ಪೂರ್ಣ ವಿವರ ಇರಲಿಲ್ಲ.

ಹಾಗಾದರೆ ಆ ವರ್ಷ ಬರೆದ ಉಳಿದ ಹಾಳೆಗಳು ಏನಾದವು? ಅವು ಮದ್ರಾಸ್ ವಿಶ್ವವಿದ್ಯಾನಿಲಯವನ್ನು ಸೇರಿದವು. 1923ರಲ್ಲಿ ಅಲ್ಲಿನ ರಿಜಿಸ್ಟ್ರಾರ್ ಆಗಿದ್ದ ಡ್ಯೂಸ್‌ಬರಿಯವರು ಕಾಗದಗಳ ಒಂದು ಕಟ್ಟನ್ನು ಹಾರ್ಡಿಯವರಿಗೆ ಕಳುಹಿಸಿದರು. ಹಾರ್ಡಿಯವರಿಂದ ಅವು ಮುಂದೆ ಬರ್ಮಿಂಗ್‌ಹ್ಯಾಮಿನ ಪ್ರೊಫೆಸರ್ ಜಿ. ಎನ್. ವಾಟ್ಸನ್ ಅವರ ಕೈಗೆ ಬಂದವು. ವಾಟ್ಸನ್ ಮತ್ತು ಬಿ. ಎಂ. ವಿಲ್ಸನ್ ರಾಮಾನುಜನ್ನರ ಹಳೆಯ ನೋಟ್‌ಬುಕ್ಕುಗಳನ್ನು ಸಂಪಾದಿಸಲು ಹೊರಟಿದ್ದರು. 1935ರಲ್ಲಿ ವಿಲ್ಸನ್ ತೀರಿಕೊಂಡರು. ಕೆಲವು ವರ್ಷಗಳಲ್ಲಿ ವಾಟ್ಸನ್ನರ ಉತ್ಸಾಹವೂ ಇಳಿಯಿತು. ಕೆಲಸ ಅರ್ಧಕ್ಕೆ ನಿಂತಿತು. ಕಾಗದಗಳು ಅವರ ಮನೆಯ ಓದುವ ಕೋಣೆಯಲ್ಲಿ ಉಳಿದವು.

1965ರಲ್ಲಿ ವಾಟ್ಸನ್ ತೀರಿಕೊಂಡರು. ರಾಯಲ್ ಸೊಸೈಟಿಗಾಗಿ ಅವರ ಜೀವನ ಚರಿತ್ರೆಯನ್ನು ಬರೆಯುವ ಹೊಣೆ ಜೆ. ಎಂ. ವಿಟ್ಟೇಕರ್ ಎಂಬ ಗಣಿತಜ್ಞರ ಮೇಲೆ ಬಿತ್ತು. ಅವರು ಶ್ರೀಮತಿ ವಾಟ್ಸನ್ ಅವರಿಗೆ ಪತ್ರ ಬರೆದು, ಗಂಡನ ಕಾಗದಗಳನ್ನು ನೋಡಬಹುದೇ ಎಂದು ಕೇಳಿದರು. ಆಕೆ ಊಟಕ್ಕೆ ಕರೆದು, ಊಟವಾದ ಮೇಲೆ ಮಹಡಿಯ ಮೇಲಿನ ಕೋಣೆಯನ್ನು ತೋರಿಸಿದರು. ಅಲ್ಲಿ ನೆಲವೇ ಕಾಣುತ್ತಿರಲಿಲ್ಲ. ಸಾಕಷ್ಟು ದೊಡ್ಡದಾದ ಆ ಕೋಣೆಯ ತುಂಬ ಸುಮಾರು ಒಂದು ಅಡಿ ಎತ್ತರಕ್ಕೆ ಕಾಗದಗಳು ಹರಡಿಕೊಂಡು ಬಿದ್ದಿದ್ದವು. ಲೆಕ್ಕದ ಹಾಳೆ, ಹಳೆಯ ಬಿಲ್ಲು, ಪತ್ರ ಎಲ್ಲ ಒಂದರಲ್ಲೊಂದು ಬೆರೆತಿದ್ದವು. ಕೆಲವೇ ದಿನಗಳಲ್ಲಿ ಅಷ್ಟನ್ನೂ ಸುಡುವುದೆಂದು ತೀರ್ಮಾನವಾಗಿತ್ತು. ವಿಟ್ಟೇಕರ್ ರಾಶಿಯೊಳಗೆ ಕೈ ಹಾಕಿ ಸಿಕ್ಕಿದ್ದನ್ನು ಎತ್ತಿ ನೋಡತೊಡಗಿದರು. ಹಾಗೆ ಎತ್ತಿದ ಒಂದು ಹಿಡಿಯಲ್ಲಿ ರಾಮಾನುಜನ್ನರ ಕೈಬರಹದ ಹಾಳೆಗಳಿದ್ದವು.

ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಮನೆಯಲ್ಲಿ ಸಾವಾದ ಮೇಲೆ ಕೋಣೆಯನ್ನು ಖಾಲಿ ಮಾಡಬೇಕಾಗುತ್ತದೆ. ಗಣಿತ ತಿಳಿಯದವರಿಗೆ ಆ ಹಾಳೆಗಳು ಬರೀ ಗೀಚಿದ ಕಾಗದ. ಕೇಳಲು ಒಬ್ಬರು ಬಂದರು, ತೋರಿಸಲು ಒಬ್ಬರು ಒಪ್ಪಿದರು. ಅಷ್ಟರಿಂದಲೇ ಹಾಳೆಗಳು ಬೆಂಕಿಯಿಂದ ಪಾರಾದವು.

ವಿಟ್ಟೇಕರ್ ಅವುಗಳನ್ನು ಗ್ಲಾಸ್ಗೋದ ಪ್ರೊಫೆಸರ್ ರಾಬರ್ಟ್ ರ್ಯಾಂಕಿನ್ ಅವರಿಗೆ ಕಳುಹಿಸಿದರು. ರ್ಯಾಂಕಿನ್ ತಾಳ್ಮೆಯಿಂದ ಕಾಗದಗಳನ್ನು ವಿಂಗಡಿಸಿ, 1968ರ ಡಿಸೆಂಬರ್ 26ರಂದು ಟ್ರಿನಿಟಿ ಕಾಲೇಜಿಗೆ ಒಪ್ಪಿಸಿದರು. ಆ ಕಾಲೇಜಿನ ರೆನ್ ಗ್ರಂಥಾಲಯವು ಕ್ಯಾಮ್ ನದಿಯ ದಂಡೆಯಲ್ಲಿದೆ. ಕ್ರಿಸ್ಟಫರ್ ರೆನ್ ಎಂಬ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ ಆ ಕಟ್ಟಡ 1695ರಲ್ಲಿ ಪೂರ್ಣಗೊಂಡಿತು. ಅಲ್ಲಿ ರಾಮಾನುಜನ್ನರ ಹಾಳೆಗಳು ಏಳು ವರ್ಷಕ್ಕೂ ಹೆಚ್ಚು ಕಾಲ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಕುಳಿತಿದ್ದವು. ಅವುಗಳ ಬೆಲೆ ಗಣಿತ ಲೋಕಕ್ಕೆ ಇನ್ನೂ ತಿಳಿದಿರಲಿಲ್ಲ.

1976ರ ವಸಂತದಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಆಂಡ್ರೂಸ್ ಒಂದು ಸಮ್ಮೇಳನಕ್ಕೆಂದು ಯೂರೋಪಿಗೆ ಬಂದಿದ್ದರು. ಅಗ್ಗದ ವಿಮಾನ ಟಿಕೆಟ್ಟಿನ ನಿಯಮದಂತೆ ಅವರು ಕೆಲವು ವಾರ ಅಲ್ಲೇ ಉಳಿಯಬೇಕಾಗಿತ್ತು. ಕೇಂಬ್ರಿಜ್‌ನ ಲೂಸಿ ಸ್ಲೇಟರ್ ಅವರು, ವಾಟ್ಸನ್ನರ ಕಾಗದಗಳು ಟ್ರಿನಿಟಿಯಲ್ಲಿವೆ, ಬಂದು ನೋಡಿ ಎಂದು ಸೂಚಿಸಿದ್ದರು. ಆಂಡ್ರೂಸ್ ಹೋಗಿ ಪೆಟ್ಟಿಗೆ ತೆಗೆಸಿ ನೋಡಿದರು. ಅವರು ಪಿಎಚ್.ಡಿ. ಮಾಡಿದ್ದು ಮಾಕ್ ತೀಟಾ ಫಲನಗಳ ಮೇಲೆಯೇ. ಹಾಳೆಗಳಲ್ಲಿ ಆ ಫಲನಗಳು ಕಾಣಿಸಿದ ಕೂಡಲೇ ಇದು ರಾಮಾನುಜನ್ನರ ಕೊನೆಯ ವರ್ಷದ ಕೆಲಸ ಎಂದು ಅವರಿಗೆ ಹೊಳೆಯಿತು. ಏಕೆಂದರೆ ಆ ಫಲನಗಳನ್ನು ರಾಮಾನುಜನ್ ಕಂಡುಕೊಂಡಿದ್ದೇ ಕೊನೆಯ ದಿನಗಳಲ್ಲಿ.

ಇದನ್ನೇ ಜಗತ್ತು 'ಕಳೆದುಹೋದ ನೋಟ್‌ಬುಕ್' ಎಂದು ಕರೆಯಿತು. ನಿಜ ಹೇಳಬೇಕೆಂದರೆ ಅದು ನೋಟ್‌ಬುಕ್ ಅಲ್ಲ, ಬಿಡಿ ಹಾಳೆಗಳ ಕಟ್ಟು. ಒಟ್ಟು 138 ಪುಟ. ಅವುಗಳಲ್ಲಿ ಸಾಧನೆಯ ವಿವರವಿಲ್ಲದೆ ಒಂದರ ಕೆಳಗೊಂದು ಬರೆದ 600ಕ್ಕೂ ಹೆಚ್ಚು ಸೂತ್ರಗಳಿವೆ.

ಅವು ಎಂಥ ಸೂತ್ರಗಳು? ಅವುಗಳಲ್ಲಿ ಹಲವು ಸಂಖ್ಯೆಗಳ ವಿಭಜನೆ ಎಂಬ ವಿಷಯದ ಸುತ್ತ ಸುತ್ತುತ್ತವೆ. 4 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳಿ. ಅದನ್ನು 4, 3+1, 2+2, 2+1+1, 1+1+1+1 ಎಂದು ಐದು ರೀತಿಯಲ್ಲಿ ಒಡೆಯಬಹುದು. ಇದು ಪ್ರಾಥಮಿಕ ಶಾಲೆಯ ಮಕ್ಕಳಿಗೂ ಅರ್ಥವಾಗುವ ಮಾತು. ಆದರೆ 100ನ್ನು ಎಷ್ಟು ರೀತಿಯಲ್ಲಿ ಒಡೆಯಬಹುದು? ಉತ್ತರ 19,05,69,292. ಇಂಥ ಎಣಿಕೆಗಳ ಹಿಂದಿರುವ ನಿಯಮಗಳನ್ನು ರಾಮಾನುಜನ್ ಕಂಡಿದ್ದರು. ಮಾಕ್ ತೀಟಾ ಫಲನಗಳ ಒಳಗುಟ್ಟು ಬಿಡಿಸಲು 2002ರವರೆಗೆ ಕಾಯಬೇಕಾಯಿತು. ನೆದರ್ಲೆಂಡ್ಸಿನ ಝ್ವೇಗರ್ಸ್ ಎಂಬ ತರುಣ ತನ್ನ ಪಿಎಚ್.ಡಿ. ಪ್ರಬಂಧದಲ್ಲಿ ಅದನ್ನು ಬಿಡಿಸಿದ. ಆಮೇಲೆ ಕಪ್ಪುಕುಳಿಗಳ ಕುರಿತು ಕೆಲಸ ಮಾಡುವ ಭೌತವಿಜ್ಞಾನಿಗಳೂ ಈ ಫಲನಗಳನ್ನು ಬಳಸತೊಡಗಿದರು. 1920ರಲ್ಲಿ ಮದ್ರಾಸಿನ ರೋಗಿಯೊಬ್ಬರು ಬರೆದದ್ದಕ್ಕೆ ಇಂಥದ್ದೊಂದು ಉಪಯೋಗವಿದ್ದೀತೆಂದು ಆಗ ಯಾರು ತಾನೇ ಊಹಿಸಲು ಸಾಧ್ಯವಿತ್ತು?

ರಾಮಾನುಜನ್ನರ ಶತಮಾನೋತ್ಸವದ ದಿನ, ಅಂದರೆ 1987ರ ಡಿಸೆಂಬರ್ 22ರಂದು, ಆ ಹಾಳೆಗಳ ಯಥಾಪ್ರತಿಯನ್ನು ಪುಸ್ತಕ ರೂಪದಲ್ಲಿ ಬಿಡುಗಡೆ ಮಾಡಲಾಯಿತು. ಪ್ರಧಾನಿ ರಾಜೀವ್ ಗಾಂಧಿಯವರು ಮೊದಲ ಪ್ರತಿಯನ್ನು ಜಾನಕಿ ಅಮ್ಮಾಳ್ ಅವರಿಗೆ ನೀಡಿದರು. ಆಕೆಗೆ ಆಗ 88 ವರ್ಷ. ಮದ್ರಾಸಿನ ತಿರುವಲ್ಲಿಕ್ಕೇಣಿಯಲ್ಲಿ ಹೊಲಿಗೆ ಕೆಲಸದಿಂದ ಬಾಳು ಸಾಗಿಸಿದ ಹೆಣ್ಣುಮಗಳು. ತನ್ನ ಗಂಡ ಹಾಸಿಗೆಯಲ್ಲಿ ಬರೆಯುತ್ತಿದ್ದ ಅಕ್ಷರಗಳು 67 ವರ್ಷಗಳ ನಂತರ ಮರಳಿ ಆಕೆಯ ಕೈ ಸೇರಿದವು.

ಈ ಕಥೆಗೆ ನಮ್ಮ ಮೈಸೂರಿನ ಕೊಂಡಿಯೂ ಒಂದಿದೆ. ವಾಟ್ಸನ್ ಮತ್ತು ವಿಲ್ಸನ್ ಅರ್ಧಕ್ಕೆ ಬಿಟ್ಟಿದ್ದ ಟಿಪ್ಪಣಿಗಳೂ ಟ್ರಿನಿಟಿಯಲ್ಲೇ ಉಳಿದಿದ್ದವು. ಅಮೆರಿಕದ ಬ್ರೂಸ್ ಬರ್ನ್ಟ್ ಅವುಗಳ ಪ್ರತಿ ತರಿಸಿಕೊಂಡು, ರಾಮಾನುಜನ್ನರ ಹಳೆಯ ನೋಟ್‌ಬುಕ್ಕುಗಳ ಒಂದೊಂದು ಸೂತ್ರವನ್ನೂ ಸಾಧಿಸುವ ಕೆಲಸಕ್ಕೆ ಕೈ ಹಾಕಿದರು. ಮೈಸೂರು ವಿಶ್ವವಿದ್ಯಾನಿಲಯದ ಎಸ್. ಭಾರ್ಗವ ಮತ್ತು ಚಂದ್ರಶೇಖರ ಅಡಿಗ ಅವರ ಜೊತೆಗೂಡಿದರು. ಎರಡನೆಯ ನೋಟ್‌ಬುಕ್ಕಿನ 16ನೆಯ ಅಧ್ಯಾಯದ ಮೇಲೆ ಅವರು 1985ರಲ್ಲಿ ಪ್ರಕಟಿಸಿದ ಪ್ರಬಂಧಕ್ಕೆ ನಾಲ್ವರು ಲೇಖಕರು: ಅಡಿಗ, ಬರ್ನ್ಟ್, ಭಾರ್ಗವ, ವಾಟ್ಸನ್. ತೀರಿಕೊಂಡು 20 ವರ್ಷವಾಗಿದ್ದ ವಾಟ್ಸನ್ನರ ಹೆಸರು ಅಲ್ಲಿ ಏಕೆ? ಅವರ ಟಿಪ್ಪಣಿಗಳನ್ನು ಆ ಕೆಲಸದಲ್ಲಿ ಬಳಸಿಕೊಂಡಿದ್ದರಿಂದ. ಸುಡುವ ರಾಶಿಯಲ್ಲಿ ರಾಮಾನುಜನ್ ಮಾತ್ರವಲ್ಲ, ವಾಟ್ಸನ್ನರ ವರ್ಷಗಳ ದುಡಿಮೆಯೂ ಇತ್ತೆಂಬುದನ್ನು ಮರೆಯಬಾರದು. 'ಕಳೆದುಹೋದ ನೋಟ್‌ಬುಕ್'ನ ಸೂತ್ರಗಳನ್ನು ಆಂಡ್ರೂಸ್ ಮತ್ತು ಬರ್ನ್ಟ್ ಐದು ಸಂಪುಟಗಳಲ್ಲಿ ವಿವರಿಸಿ ಮುಗಿಸುವ ಹೊತ್ತಿಗೆ 2018 ಆಗಿತ್ತು.

ಪ್ರತಿ ಸಲವೂ ಇಂಥ ಅದೃಷ್ಟ ಇರುವುದಿಲ್ಲ. ಅದೇ ಟ್ರಿನಿಟಿಯಲ್ಲಿ ಓದಿದ ನ್ಯೂಟನ್ನನ ಉದಾಹರಣೆ ನೋಡಿ. ಅವನ ಕಾಗದಗಳು ಸೋದರ ಸೊಸೆಯ ಸಂತತಿಯ ಮೂಲಕ ಪೋರ್ಟ್ಸ್‌ಮತ್ ಎಂಬ ಶ್ರೀಮಂತ ಮನೆತನಕ್ಕೆ ಸೇರಿದವು. 1872ರಲ್ಲಿ ಆ ಮನೆತನ ಅವುಗಳನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿತು. ವಿದ್ವಾಂಸರು ವರ್ಷಗಟ್ಟಲೆ ಪರಿಶೀಲಿಸಿ, ಗಣಿತ ಮತ್ತು ಭೌತವಿಜ್ಞಾನದ ಕಾಗದಗಳನ್ನು ಇಟ್ಟುಕೊಂಡರು. ರಸವಿದ್ಯೆ ಮತ್ತು ಧರ್ಮದ ವಿಷಯ ಬರೆದವನ್ನು, ವಿಜ್ಞಾನಕ್ಕೆ ಬೇಡವೆಂದು ಹಿಂದಿರುಗಿಸಿದರು. ಹಿಂದಿರುಗಿದ ಆ ರಾಶಿ 1936ರಲ್ಲಿ ಲಂಡನ್ನಿನ ಹರಾಜಿನಲ್ಲಿ ಹತ್ತಾರು ಕೈಗಳಿಗೆ ಚದುರಿಹೋಯಿತು. ಅರ್ಥಶಾಸ್ತ್ರಜ್ಞ ಕೇನ್ಸ್ ಬಹಳ ಶ್ರಮಪಟ್ಟು ಕೆಲವನ್ನು ಕೊಂಡು ಕೂಡಿಸಿದರು. ಅವು 1946ರಲ್ಲಿ ಅವರ ಮರಣದ ನಂತರ ಕಿಂಗ್ಸ್ ಕಾಲೇಜಿಗೆ ಸೇರಿದವು. ಇಂದು ನ್ಯೂಟನ್ ಹೇಗೆ ಯೋಚಿಸುತ್ತಿದ್ದ ಎಂದು ತಿಳಿಯಬಯಸುವವರು, ಒಂದು ಕಾಲಕ್ಕೆ ಬೇಡವೆನಿಸಿದ ಆ ಕಾಗದಗಳನ್ನೇ ಹುಡುಕಿಕೊಂಡು ಹೋಗುತ್ತಾರೆ. ಯಾವುದು ಮುಖ್ಯ, ಯಾವುದು ಕಸ ಎಂಬ ತೀರ್ಪನ್ನು ದೊಡ್ಡ ವಿದ್ವಾಂಸರೂ ಆತುರದಲ್ಲಿ ಕೊಡಬಾರದು ಎಂಬುದಕ್ಕೆ ಇದು ಸಾಕ್ಷಿ.

ನನ್ನ ಟೆಲಿವಿಷನ್ ವೃತ್ತಿಯಲ್ಲಿಯೂ ಹೀಗೇ ಆಗಿದೆ. ವಿಡಿಯೋ ಟೇಪು ದುಬಾರಿಯಾಗಿದ್ದ ದಿನಗಳಲ್ಲಿ ಅನೇಕ ದೇಶಗಳಲ್ಲಿ ಹಳೆಯ ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ತುಂಬುತ್ತಿದ್ದರು. ಹಾಗೆ ಅಳಿದುಹೋದ ಮುಖಗಳನ್ನು, ಧ್ವನಿಗಳನ್ನು ಯಾವ ಪೆಟ್ಟಿಗೆಯಿಂದಲೂ ಈಗ ತೆಗೆಯಲು ಬರುವುದಿಲ್ಲ.

ಇನ್ನು ಪತ್ರಾಗಾರದವರು ಏನು ಮಾಡುತ್ತಾರೆ ಎಂಬುದನ್ನು ತಿಳಿಯೋಣ. ಕಾಗದಗಳು ಬಂದ ಕೂಡಲೇ ಅವು ಯಾರಿಂದ, ಯಾವಾಗ, ಯಾವ ಮನೆಯಿಂದ ಬಂದವು ಎಂದು ಬರೆದುಕೊಳ್ಳುತ್ತಾರೆ. ಬಂದ ಕ್ರಮವನ್ನು ಕೆಡಿಸುವುದಿಲ್ಲ, ಏಕೆಂದರೆ ಒಂದು ಹಾಳೆಯ ಪಕ್ಕದಲ್ಲಿ ಯಾವ ಹಾಳೆ ಇತ್ತು ಎಂಬುದೂ ಒಂದು ಮಾಹಿತಿಯೇ. ತುಕ್ಕು ಹಿಡಿದ ಪಿನ್ನುಗಳನ್ನು ತೆಗೆದು, ಆಮ್ಲವಿಲ್ಲದ ಕಾಗದದ ಫೋಲ್ಡರುಗಳಲ್ಲಿ ಇಟ್ಟು, ಪಟ್ಟಿ ಮಾಡುತ್ತಾರೆ. ನೋಡಲು ಬಂದವರು ಪೆನ್ನು ಬಳಸುವಂತಿಲ್ಲ, ಪೆನ್ಸಿಲ್ ಮಾತ್ರ. ಬದುಕಿರುವವರ ಖಾಸಗಿ ವಿಷಯಗಳಿದ್ದರೆ ಇಷ್ಟು ವರ್ಷ ತೆರೆಯಬಾರದೆಂದು ಮನೆಯವರು ಷರತ್ತು ಹಾಕಬಹುದು.

ನಿಮ್ಮ ಮನೆಯಲ್ಲಿ ರಾಮಾನುಜನ್ ಇರಲಿಲ್ಲ ಎನ್ನುತ್ತೀರಾ? ಇರಲಿ. ಮುತ್ತಜ್ಜಿ ಬರೆಸಿದ ಪತ್ರ, ಅಜ್ಜ ಬರೆದಿಟ್ಟ ಮಳೆ ಬೆಳೆಯ ಲೆಕ್ಕ, ಹಳೆಯ ಕ್ರಯಪತ್ರ, ಲಗ್ನಪತ್ರಿಕೆ, ಬರಗಾಲದ ವರ್ಷ ಮಾಡಿದ ಸಾಲದ ಚೀಟಿ, ಇವೆಲ್ಲ ಒಂದು ಊರಿನ ಚರಿತ್ರೆಗೆ ಆಧಾರಗಳು. ಕೆಲವು ಮೋಡಿ ಲಿಪಿಯಲ್ಲಿರಬಹುದು. ನಮಗೆ ಓದಲು ಬರುವುದಿಲ್ಲ ಎಂಬ ಕಾರಣಕ್ಕೆ ಅವು ಬೆಲೆಯಿಲ್ಲದವಾಗುವುದಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಮನೆಗೆ ಸುಣ್ಣ ಬಣ್ಣ ಮಾಡುವಾಗ ಹಳೆಯ ಕಾಗದ ರದ್ದಿಗೆ ಹೋಗುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಗೆದ್ದಲು ಮತ್ತು ತೇವ ತಾಗದ ಜಾಗದಲ್ಲಿಡಿ. ಹರಿದ ಹಾಳೆಗೆ ಅಂಟು ಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಫೋಟೋದ ಹಿಂದೆ ಪೆನ್ಸಿಲಿನಿಂದ ಹಗುರವಾಗಿ ಹೆಸರು, ಊರು, ವರ್ಷ ಬರೆಯಿರಿ. ಈ ಹೆಸರುಗಳನ್ನು ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಫೋನಿನಲ್ಲಿ ಚಿತ್ರ ತೆಗೆದಿಡುವುದು ಒಳ್ಳೆಯದೇ, ಆದರೆ ಚಿತ್ರ ತೆಗೆದಾಯಿತೆಂದು ಮೂಲ ಕಾಗದವನ್ನು ಎಸೆಯಬೇಡಿ. ಫೋನು ಕೆಟ್ಟರೆ ಅದರಲ್ಲಿದ್ದದ್ದೂ ಹೋಗುತ್ತದೆ. ಸಾಧ್ಯವಾದರೆ ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ, ಹಳೆಯ ವಿದ್ಯಾರ್ಥಿಗಳ, ಅಧ್ಯಾಪಕರ ಕಾಗದಗಳಿಗಾಗಿ ಒಂದು ಬೀರುವನ್ನಾದರೂ ಮೀಸಲಿಡುವಂತೆ ಕೋರಿ.

ವಿಟ್ಟೇಕರ್ ಅಂದು ಮಾಡಿದ್ದು ಕಷ್ಟದ ಕೆಲಸವೇನಲ್ಲ. ಅವರು ಕಾಗದಗಳನ್ನು ನೋಡಬಹುದೇ ಎಂದು ಸಮಯಕ್ಕೆ ಸರಿಯಾಗಿ ಕೇಳಿದರು. ನಿಮ್ಮ ಅಜ್ಜಿಯನ್ನು, ಅಜ್ಜನನ್ನು ಈ ವಾರವೇ ಆ ಪ್ರಶ್ನೆ ಕೇಳಿ ನೋಡಿ.