ಬೋರ್ಡು ಬದಲಾದಾಗ

ಅಮೆರಿಕದ ಫಸ್ಟ್ ರೋಬೋಟಿಕ್ಸ್ ಸ್ಪರ್ಧೆಯ ತಂಡಗಳೆಲ್ಲ 2015ರಲ್ಲಿ ಹಳೆಯ ನಿಯಂತ್ರಕ ಬಿಟ್ಟು ರೋಬೋರಿಯೊ ಎಂಬ ಹೊಸ ನಿಯಂತ್ರಕಕ್ಕೆ ಹೊರಳಬೇಕಾಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳು ಆರ್ಡುಯಿನೊ ಊನೊ ಬೋರ್ಡು ಬಿಟ್ಟು ಇಎಸ್‌ಪಿ 32 ಬೋರ್ಡು ಹಿಡಿದರೂ ಅದೇ ಪಾಡು. ಊನೊ 5 ವೋಲ್ಟಿನದು. ಸೆನ್ಸರನ್ನು 0ಯಿಂದ 1023ರವರೆಗೆ ಓದುತ್ತದೆ. ಇಎಸ್‌ಪಿ 32 ಆದರೋ 3.3 ವೋಲ್ಟಿನದು; 4095ರವರೆಗೆ ಎಣಿಸುತ್ತದೆ. ಹಳೆಯ ಪ್ರೋಗ್ರಾಂನಲ್ಲಿ 500 ಎಂದು ಬರೆದ ಗಡಿ ಇಲ್ಲಿ ಸುಳ್ಳಾಗಿ, ಕಪ್ಪು ಗೆರೆ ಹಿಡಿದು ಸಾಗುತ್ತಿದ್ದ ರೋಬೋ ದಾರಿ ತಪ್ಪುತ್ತದೆ. 5 ವೋಲ್ಟ್ ನೇರ ಕೊಟ್ಟರೆ ಪಿನ್ನೇ ಸುಟ್ಟೀತು.

ಹಾಗೆಂದು ಕಲಿತದ್ದೇನೂ ನೀರಲ್ಲಿ ಹೋಮವಾಗಲಿಲ್ಲ. ಗೆರೆ ಗುರುತಿಸಿ ಚಕ್ರ ತಿರುಗಿಸುವ ತರ್ಕ ಅದೇ; ಬದಲಾದದ್ದು ಅಳತೆ. ವ್ಯವಸ್ಥೆ ಬದಲಾದಾಗ ಗೊಣಗುವ ಮೊದಲು, ಯಾವುದು ಉಳಿಯಿತು, ಯಾವುದನ್ನು ಹೊಸದಾಗಿ ಅಳೆಯಬೇಕು ಎಂದು ಪಟ್ಟಿ ಮಾಡಿಕೊಳ್ಳೋಣ. ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.