ಪರದೆ ಹಸಿರು, ದನಿ ಇಲ್ಲ



ಟಿವಿ ಚಾನೆಲ್, ಇಂಟರ್ನೆಟ್ ಜಾಲಗಳ ಮೇಲೆ ಕಣ್ಣಿಡುವ ವೈಟ್ಟಿಲದ ಕಂಟ್ರೋಲ್ ರೂಮಿನಲ್ಲಿ ನನ್ನ ಕೆಲಸ. ಒಂದು ರಾತ್ರಿ ಪರದೆಯ ಮೇಲೆ ಎಲ್ಲವೂ ಹಸಿರಾಗಿದ್ದಾಗಲೇ ಅಜ್ಜಿಯೊಬ್ಬರ ಫೋನ್ ಬಂತು: "ಮೋಳೇ, ಚಿತ್ರ ಬರ್ತಿದೆ, ಮಾತೇ ಕೇಳ್ತಿಲ್ಲ." ಸಿಗ್ನಲ್ ಇದೆಯೇ ಎಂದಷ್ಟೇ ನಮ್ಮ ವ್ಯವಸ್ಥೆ ನೋಡುತ್ತಿತ್ತು, ದನಿ ನಿಂತದ್ದು ಅದಕ್ಕೆ ಗೊತ್ತಾಗಲೇ ಇಲ್ಲ.

ರೂಮನ್ನು ಆಧುನಿಕಗೊಳಿಸುವಾಗ ಎಲ್ಲರೂ ದೊಡ್ಡ ಪರದೆ ಕೇಳಿದರು. ನಾನು ಕೇಳಿದ್ದು ಮೂರು ಎಚ್ಚರಿಕೆ: ಚಿತ್ರ ಸ್ತಬ್ಧವಾದರೆ, ಪರದೆ ಕಪ್ಪಾದರೆ, ದನಿ ನಿಂತರೆ. ಒಂದು ಕೇಬಲ್ ತುಂಡಾದಾಗ ನೂರು ಅಲಾರಂ ಕೂಗದೆ, ಮೂಲದ ದೋಷವೊಂದೇ ಮೇಲೆ ಕಾಣುವಂತೆಯೂ ಮಾಡಿದೆವು.

2018ರ ಪ್ರವಾಹ ಕಂಡ ನಾಡಿದು. ಅಂಥ ದಿನ ಸುದ್ದಿಯ ದನಿ ನಿಂತರೆ ಜೀವಕ್ಕೇ ಕುತ್ತು. ಹಾಗಾಗಿ ಎಲ್ಲ ಹಸಿರಾಗಿದ್ದರೂ, ಫೋನ್ ಬಂದರೆ ನಾನು ಮೊದಲು ನಂಬುವುದು ಮನೆಯಲ್ಲಿ ಕುಳಿತು ನೋಡುವವರ ಮಾತನ್ನು.